ಬರ್ಲಿಂಗೊನ ನೇರಳೆ ಕೋಟು

ಅನ್ಸೆಲ್ಮ್ ತ್ರುಶೋನ ಕಸುಬು ಕೂದಲಿನ ಟೋಪನ್ ಕಟ್ಟುವುದು. ಕಸುಬು ಎಂದರೆ ಅವನಿಗೆ ಬರುತ್ತಿದ್ದ ಕೆಲಸ ಎಂದಷ್ಟೇ ಅರ್ಥ, ಅವನನ್ನು ಹುಡುಕಿಕೊಂಡು ಬರುತ್ತಿದ್ದ ಕೆಲಸ ಎಂದಲ್ಲ. ಕ್ರಾಂತಿಯ ಕಾಲದಲ್ಲಿ ಪ್ಯಾರಿಸ್ಸಿನ ಟೋಪನ್ ಹಾಕುವ ದೊಡ್ಡ ಮನುಷ್ಯರಲ್ಲಿ ಕೆಲವರ ತಲೆ ಹೋಯಿತು. ತಲೆ ಉಳಿಸಿಕೊಂಡವರು ಟೋಪನ್ ಬಿಟ್ಟರು. ಎರಡು ಕಡೆಯಿಂದಲೂ ನಷ್ಟವಾದದ್ದು ಅನ್ಸೆಲ್ಮನಿಗೆ. ಅಂದಿನಿಂದ ಮನೆ ನಡೆಯುತ್ತಿದ್ದುದು ಹೆಂಡತಿ ಬ್ರಿಜಿತ್‌ಳ ಕುಂಚದಿಂದ.

ಸಾಂ-ಜಾಕ್ ಬೀದಿಯಲ್ಲಿ ಕೊಕ್ಲೇ ಎಂಬಾತನ ಚಿತ್ರಪಟಗಳ ಅಂಗಡಿ ಇತ್ತು. ಕೊಕ್ಲೇ ಬರೀ ಕಪ್ಪು ಗೆರೆಯ ಚಿತ್ರಗಳನ್ನು ಅಚ್ಚು ಹಾಕಿಸಿ ಕಂತೆಗಟ್ಟಲೆ ಕಳಿಸುತ್ತಿದ್ದ; ಬ್ರಿಜಿತ್ ಮನೆಯಲ್ಲೇ ಕೂತು ಅವಕ್ಕೆ ಬಣ್ಣ ತುಂಬಿ ಕೊಡುತ್ತಿದ್ದಳು. ಕೋಟಿಗೊಂದು, ಮುಖಕ್ಕೊಂದು, ಟೋಪಿಗೊಂದು ಎಂದು ಆಕಾರಕ್ಕೆ ತಕ್ಕಂತೆ ಕತ್ತರಿಸಿದ ರಟ್ಟುಗಳಿದ್ದವು. ರಟ್ಟನ್ನು ಹಾಳೆಯ ಮೇಲಿಟ್ಟು ಕುಂಚ ಎಳೆದರೆ ಒಂದು ಕೋಟು ಮುಗಿಯಿತು. ಸಂತರು, ಬಿಷಪ್ಪರು, ಕದನಗಳು, ಆನೆಗಳು ಎಲ್ಲ ಅವಳ ಊಟದ ಮೇಜಿನ ಮೇಲೆಯೇ ಬಣ್ಣ ಪಡೆದು ಹೊರಟವು. ಅನ್ಸೆಲ್ಮ್ ಬೆನ್ನ ಹಿಂದೆ ಕೈಕಟ್ಟಿ ನಿಂತು ಸಲಹೆ ಕೊಡುತ್ತಿದ್ದ. ಸಲಹೆಗಳಿಗೆ ಅವನು ಏನನ್ನೂ ಬಯಸುತ್ತಿರಲಿಲ್ಲ, ಬ್ರಿಜಿತ್ ಏನನ್ನೂ ಕೊಡುತ್ತಿರಲಿಲ್ಲ.

ಆ ವರ್ಷ ಮಾರ್ಚ್ ತಿಂಗಳಲ್ಲಿ ಕೊಕ್ಲೇಯಿಂದ ಬಂದ ಕಂತೆ ಬರ್ಲಿಂಗೊನದು. ಬರ್ಲಿಂಗೊ ಎಂದರೆ ಬುಲೆವಾರ್ ಎಂಬ ಅಗಲ ಬೀದಿಯ ನಾಟಕಶಾಲೆಯ ಪೆದ್ದ ಆಳು. ಒಡೆಯ ಹೇಳಿದ್ದನ್ನು ಅಕ್ಷರಶಃ ಮಾಡಿ ಎಲ್ಲವನ್ನೂ ಕೆಡಿಸುವುದೇ ಅವನ ಪಾತ್ರ. ಎರಡು ವರ್ಷದಿಂದ ಇಡೀ ಊರು ಅವನನ್ನು ನೋಡಿ ನಗುತ್ತಿತ್ತು. ಈ ಚಿತ್ರದಲ್ಲಿ ಬರ್ಲಿಂಗೊ ಸುರಿಯುವ ಮಳೆಯಲ್ಲಿ ಬೀದಿ ದಾಟುತ್ತಿದ್ದ. ಒಡೆಯನ ಹೊಸ ಕೊಡೆ ನೆನೆಯಬಾರದೆಂದು ಅದನ್ನು ಕೋಟಿನೊಳಗೆ ಅಪ್ಪಿಕೊಂಡು ತಾನು ತೊಪ್ಪೆಯಾಗಿದ್ದ. ಒಂದು ಪಕ್ಕದಲ್ಲಿ ನೀರು ಹೊರುವವನು ಎರಡು ಬಕೆಟ್ ಹಿಡಿದು ಬಾಯಿ ಬಿಟ್ಟು ನೋಡುತ್ತಿದ್ದ, ಇನ್ನೊಂದು ಪಕ್ಕದಲ್ಲಿ ಒಂದು ದಪ್ಪ ನಾಯಿ. ನಾಟಕದಲ್ಲಿ ಬರ್ಲಿಂಗೊನ ಕೋಟು ಹಳದಿ. ಚಿತ್ರದಲ್ಲೂ ಹಳದಿಯಾಗಬೇಕು. ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ.

ಗೊಂದಲ ಬಂದದ್ದು ವ್ಯಾಂಸೆನ್ನಿನಲ್ಲಿದ್ದ ಬ್ರಿಜಿತ್‌ಳ ತಂಗಿಗೆ ಜ್ವರ ಬಂದಾಗ. ಬ್ರಿಜಿತ್ ಎಲ್ಲ ಹಾಳೆಗಳಿಗೂ ಮುಖ, ಬೀದಿ, ನಾಯಿಗಳ ಬಣ್ಣ ಮುಗಿಸಿದ್ದಳು. ಕೋಟುಗಳು ಮಾತ್ರ ಉಳಿದಿದ್ದವು. ಬುಟ್ಟಿ ಕೈಗೆ ತೆಗೆದುಕೊಂಡು ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಿದಳು.

“ನಾನು ಗುರುವಾರ ಬರ್ತೀನಿ. ಕೊಕ್ಲೇ ಆಳು ಬಂದ್ರೆ ಗುರುವಾರ ಅನ್ನಿ. ನೀವು ಏನೂ ಮುಟ್ಟಬೇಡಿ.”

“ಏನೂ ಅಂದ್ರೆ?”

“ಏನೂ ಅಂದ್ರೆ ಏನೂ ರೀ. ಕುಂಚ ಮುಟ್ಟಬೇಡಿ, ರಟ್ಟು ಮುಟ್ಟಬೇಡಿ. ಸೂಪು ಮಾತ್ರ ಮುಟ್ಟಿ.”

ಅನ್ಸೆಲ್ಮ್ ಶನಿವಾರ ಪೂರ್ತಿ ಮಾತು ಉಳಿಸಿಕೊಂಡ. ಭಾನುವಾರ ಬೆಳಿಗ್ಗೆ ಕೊಕ್ಲೇಯ ಆಳು ಬಂದು, ಸೋಮವಾರದಿಂದ ನಾಟಕ ಮತ್ತೆ ಶುರು, ಚಿತ್ರ ಅಂಗಡಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಮುಂದಿನ ಕಂತೆ ಬೇರೆ ಮನೆಗೆ ಹೋಗುತ್ತದೆ ಎಂದು ಹೇಳಿಹೋದ. ಗಂಡಸು ಎನ್ನುವವನು ಇಂಥ ಹೊತ್ತಿನಲ್ಲಿ ಕೈಕಟ್ಟಿ ಕೂರಬಹುದೆ? ಅನ್ಸೆಲ್ಮ್ ತೋಳು ಮಡಿಚಿದ. ಹಳದಿ ಬಣ್ಣದ ಬಟ್ಟಲು ತೆಗೆದ. ತಳದಲ್ಲಿ ಒಂದೆರಡು ಕೋಟಿಗೂ ಸಾಲದಷ್ಟು ಒಣಗಿದ ಹಳದಿ ಇತ್ತು. ಭಾನುವಾರ ಬಣ್ಣದ ಅಂಗಡಿ ಮುಚ್ಚಿತ್ತು. ಕಪಾಟಿನಲ್ಲಿ ತುಂಬಿ ತುಳುಕುತ್ತಿದ್ದುದು ಒಂದೇ ಬಟ್ಟಲು: ಬಿಷಪ್ಪರ ನಿಲುವಂಗಿಗೆಂದು ಅರೆದಿಟ್ಟಿದ್ದ ನೇರಳೆ.

ಸಂಜೆಯ ಹೊತ್ತಿಗೆ ಐನೂರು ಬರ್ಲಿಂಗೊಗಳು ನೇರಳೆ ಕೋಟು ತೊಟ್ಟಿದ್ದರು. ಮುನ್ನೂರನ್ನು ಆಳು ಹೊತ್ತುಕೊಂಡು ಹೋದ. ಇನ್ನೂರು ಒದ್ದೆಯಾಗಿಯೇ ಇದ್ದವು; ಅವನ್ನು ಹಗ್ಗದ ಮೇಲೆ ಒಣಹಾಕಿದ. ಅನ್ಸೆಲ್ಮ್ ಅಂದು ಬಹಳ ವರ್ಷಗಳ ಮೇಲೆ ಬೆನ್ನು ನೋಯುವಷ್ಟು ಕೆಲಸ ಮಾಡಿ ಮಲಗಿದ. ಅವನಂಥ ಸುಖಿ ಆ ಬೀದಿಯಲ್ಲಿರಲಿಲ್ಲ.

ನೇರಳೆ ಬಣ್ಣದ ವಿಚಾರ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆ ಊರಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಚಕ್ರವರ್ತಿಯನ್ನು ಸಮುದ್ರದಾಚೆಯ ದ್ವೀಪಕ್ಕೆ ಅಟ್ಟಿ, ರಾಜರು ಅರಮನೆಗೆ ಮರಳಿ ಹತ್ತು ತಿಂಗಳಾಗಿತ್ತು. ಮಾರ್ಚಿನಲ್ಲಿ ನೇರಳೆ ಹೂವು ಅರಳಿದಾಗ ಚಕ್ರವರ್ತಿ ಮತ್ತೆ ಬರುತ್ತಾನೆಂದು ಅವನ ಕಡೆಯವರ ಪಿಸುಮಾತು. ಆದ್ದರಿಂದ ಕೋಟಿಗೆ ಒಂದು ನೇರಳೆ ಹೂವು ಸಿಕ್ಕಿಸಿಕೊಂಡರೂ ಪೋಲೀಸರು ಹೆಸರು ವಿಳಾಸ ಕೇಳುತ್ತಿದ್ದರು. ಅನ್ಸೆಲ್ಮನಿಗೆ ಇದೆಲ್ಲ ಗೊತ್ತಿತ್ತು. ಹೊಳೆಯಲಿಲ್ಲ, ಅಷ್ಟೆ. ಅವನಿಗೆ ಗೊತ್ತಿರುವುದು ಮತ್ತು ಹೊಳೆಯುವುದು ಬೇರೆ ಬೇರೆ ಇಲಾಖೆಗಳು.

ಮಂಗಳವಾರ ಬೆಳಿಗ್ಗೆ ಮೆಟ್ಟಿಲಿಳಿಯುತ್ತಿದ್ದಾಗ ಎದುರಿಗೆ ಕ್ಯಾಪ್ಟನ್ ಬ್ರಿಸ್ಕಾರ್ ಬಂದರು. ಮೇಲಿನ ಅಂತಸ್ತಿನಲ್ಲಿದ್ದ ಈ ಮುದುಕರು ಚಕ್ರವರ್ತಿಯ ಸೈನ್ಯದಲ್ಲಿ ಒಂದು ಕಿವಿಯನ್ನೂ ಎರಡು ಕಾಲ್ಬೆರಳುಗಳನ್ನೂ ಬಿಟ್ಟುಬಂದವರು. ಆರು ವರ್ಷದಲ್ಲಿ ಒಮ್ಮೆಯೂ ಅನ್ಸೆಲ್ಮನಿಗೆ ನಮಸ್ಕಾರ ಹೇಳಿದವರಲ್ಲ. ಇಂದು ಮೆಟ್ಟಿಲ ಮಧ್ಯೆ ನಿಂತು, ಹಿಮ್ಮಡಿ ಕೂಡಿಸಿ, ಟೋಪಿ ತೆಗೆದರು.

“ಕೊಕ್ಲೇ ಅಂಗಡಿ ಕಿಟಕಿ ನೋಡ್ಕೊಂಡು ಬಂದೆ ತ್ರುಶೋ. ಅದು ನಿಮ್ಮ ಕೈಕೆಲಸ ಅಂತ ಕೇಳಿದೆ.”

ಅನ್ಸೆಲ್ಮ್ ತನ್ನ ಮೂವತ್ತನೇ ವಯಸ್ಸಿನಿಂದ ಯಾರೂ ಇಷ್ಟು ಗೌರವದಿಂದ ಕೈಕೆಲಸದ ಮಾತಾಡಿದ್ದನ್ನು ಕೇಳಿರಲಿಲ್ಲ.

“ಹೌದು ಕ್ಯಾಪ್ಟನ್. ಒಬ್ಬನೇ ಮಾಡಿದ್ದು. ಮನೆಯವಳಿಗೂ ಗೊತ್ತಿಲ್ಲ.”

“ಹೆಂಡತಿಗೂ ಹೇಳಿಲ್ವಾ?” ಕ್ಯಾಪ್ಟನ್‌ರ ದನಿ ತಗ್ಗಿತು. “ನಿಮ್ಮನ್ನ ನಾನು ಬರೀ ಕೂದಲು ಬಾಚೋನು ಅಂದ್ಕೊಂಡಿದ್ದೆ. ಕ್ಷಮಿಸಿ. ಜನ ಎಷ್ಟಿದಾರೆ?”

ಅನ್ಸೆಲ್ಮನಿಗೆ ಬರ್ಲಿಂಗೊನ ಹೊರತು ಬೇರೆ ಯಾವ ಜನರ ಯೋಚನೆಯೂ ಇರಲಿಲ್ಲ. “ಮುನ್ನೂರು ಜನ ಸೋಮವಾರವೇ ಬೀದಿಗಿಳಿದಾಯ್ತು. ಇನ್ನೂರು ಮನೇಲೇ ಇದಾರೆ.”

“ಮನೇಲಿ? ಇಷ್ಟು ಸಣ್ಣ ಮನೇಲಿ?”

“ಸ್ವಲ್ಪ ಇಕ್ಕಟ್ಟಾಗಿದೆ. ಆದ್ರೆ ಗಲಾಟೆ ಇಲ್ಲ. ಗುರುವಾರದ ಹೊತ್ತಿಗೆ ಅವರೂ ಸಿದ್ಧ.”

ಕ್ಯಾಪ್ಟನ್‌ರ ಕಣ್ಣಲ್ಲಿ ನೀರು ನಿಂತಿತು. ಅನ್ಸೆಲ್ಮನ ಎರಡೂ ಕೈ ಹಿಡಿದು ಅಲುಗಿಸಿ ಮೇಲೆ ಹೋದರು. ಕಲೆಯನ್ನು ಇಷ್ಟು ತಿಳಿದ ಮನುಷ್ಯ ತನ್ನ ತಲೆಯ ಮೇಲೆಯೇ ವಾಸವಾಗಿದ್ದನಲ್ಲ ಎಂದು ಅನ್ಸೆಲ್ಮನಿಗೆ ಆಶ್ಚರ್ಯವಾಯಿತು.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬಾಗಿಲು ಕಾಯುವ ಮದಾಂ ಗೊದಾರ್ ಬಟಾಣಿ ಸುಲಿಯುತ್ತಿದ್ದಳು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಬೇರೆಯವರ ಮಾತು ಕೇಳಬಾರದೆಂಬ ನಿಯಮ ಅವಳಿಗಿತ್ತು; ಅದಕ್ಕಾಗಿ ಕೇಳುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಇನ್ನೊಬ್ಬ ಬಂದ. ಬಾಗಿಲು ತಟ್ಟದೆ ನೂಕಿಕೊಂಡು ಒಳಬಂದು ಕೋಣೆಯ ನಡುವೆ ಒಂದು ಕಾಲು ಮುಂದಿಟ್ಟು ನಿಂತವನು ನಟ ಸಾಂತೆಲ್, ಎರಡು ವರ್ಷದಿಂದ ಬರ್ಲಿಂಗೊನ ಪಾತ್ರ ಮಾಡುತ್ತಿದ್ದವನು. ರಂಗದ ಮೇಲೆ ಅವನಷ್ಟು ನಗಿಸುವವರಿಲ್ಲ. ಕೆಳಗಿಳಿದರೆ ಅವನಷ್ಟು ದುಃಖಿ ಇಲ್ಲ.

“ನೀವೇನಾ ಬಣ್ಣ ಹಾಕಿದ್ದು?”

“ನಾನೇ.” ಅನ್ಸೆಲ್ಮ್ ಇನ್ನೊಂದು ಹೊಗಳಿಕೆಗೆ ಸಿದ್ಧನಾಗಿ ಎದ್ದು ನಿಂತ.

“ನನ್ನನ್ನ ಮುಳುಗಿಸಿಬಿಟ್ರಿ. ನಿನ್ನೆ ರಂಗಕ್ಕೆ ಬಂದೆ. ಮೇಲಿನ ಗ್ಯಾಲರಿಯಿಂದ ಒಬ್ಬ ಕೂಗಿದ, ಇವನು ಬರ್ಲಿಂಗೊ ಅಲ್ಲ, ಬರ್ಲಿಂಗೊ ಕೋಟು ನೇರಳೆ ಅಂತ. ಇಡೀ ಗ್ಯಾಲರಿ ಕಾಲು ಬಡೀತು. ಎರಡು ವರ್ಷ, ಸ್ವಾಮಿ, ಎರಡು ವರ್ಷ ನಾನೇ ಬರ್ಲಿಂಗೊ. ಈಗ ನಾನು ಯಾರು?”

ಅನ್ಸೆಲ್ಮ್ ನಟನ ಸುತ್ತ ಒಂದು ಸುತ್ತು ಹಾಕಿದ. ಹಿಂದೆ ನ್ಯಾಯಾಧೀಶರ ತಲೆಗಳ ಸುತ್ತ ಹೀಗೆಯೇ ಸುತ್ತುತ್ತಿದ್ದ.

“ತಪ್ಪು ತಿಳೀಬೇಡಿ. ನಿಮ್ಮ ಮೈಬಣ್ಣಕ್ಕೆ ಹಳದಿ ಮೊದಲಿಂದಲೂ ಹೊಂದ್ತಿರಲಿಲ್ಲ. ಕಾಮಾಲೆ ಆದವರ ಹಾಗೆ ಕಾಣ್ತಿದ್ರಿ. ಒಂದು ಸಲ ನೇರಳೆ ಹಾಕ್ಕೊಂಡು ನೋಡಿ.”

“ಹೊಂದುತ್ತಾ?”

“ಹೊಂದೋದೇನು ಬಂತು, ಆ ಬಣ್ಣ ತಮಗಾಗಿಯೇ ಹುಟ್ಟಿದ್ದು.”

ನಟರು ಪೋಲೀಸರ ಮಾತು ಕೇಳದಿರಬಹುದು, ಒಡೆಯರ ಮಾತು ಕೇಳದಿರಬಹುದು. ನೀವು ಚೆನ್ನಾಗಿ ಕಾಣುತ್ತೀರಿ ಎಂದವರ ಮಾತು ಕೇಳಿಯೇ ಕೇಳುತ್ತಾರೆ. ಸಾಂತೆಲ್ ನೇರವಾಗಿ ನಾಟಕಶಾಲೆಯ ಉಡುಪಿನ ಕೋಣೆಗೆ ಹೋಗಿ, ಯಾವುದೋ ಹಳೆಯ ನಾಟಕದ ಮಂತ್ರವಾದಿಯ ನೇರಳೆ ಅಂಗಿಯನ್ನು ಕೋಟಾಗಿ ಕತ್ತರಿಸಿಕೊಂಡ.

ಮಂಗಳವಾರದ ಆಟದಲ್ಲಿ ಏನಾಯಿತೆಂಬುದನ್ನು ಬುಧವಾರ ಬೆಳಿಗ್ಗೆ ಮದಾಂ ಗೊದಾರ್ ಮನೆಮನೆಗೆ ಹಾಲಿನ ಜೊತೆ ಹಂಚಿದಳು. ಬರ್ಲಿಂಗೊ ನೇರಳೆ ಕೋಟಿನಲ್ಲಿ ರಂಗಕ್ಕೆ ಬಂದನಂತೆ. ಮುಂದಿನ ಸಾಲಿನಲ್ಲಿ ಕುತ್ತಿಗೆವರೆಗೆ ಗುಂಡಿ ಹಾಕಿದ ಇಪ್ಪತ್ತು ಮೂವತ್ತು ಮುದಿ ಸೈನಿಕರು ಎದ್ದು ನಿಂತರಂತೆ. “ಯಜಮಾನರು ಇನ್ನೇನು ಬಂದೇಬಿಟ್ರು” ಎಂದು ಬರ್ಲಿಂಗೊ ಅಂದನಂತೆ. ಅದು ನಾಟಕದಲ್ಲಿದ್ದ ಮಾತೇ, ಒಡೆಯ ಊಟಕ್ಕೆ ಬರುತ್ತಾನೆಂದು ಹೇಳುವುದು. ಎರಡು ವರ್ಷದಿಂದ ಆ ಮಾತಿಗೆ ಯಾರೂ ನಕ್ಕಿರಲೂ ಇಲ್ಲ. ಮಂಗಳವಾರ ಮಾತ್ರ ಚಪ್ಪಾಳೆ ಕಾಲು ಗಂಟೆ ನಿಲ್ಲಲಿಲ್ಲವಂತೆ. ಸಾಂತೆಲ್ ಏಳು ಸಲ ತಲೆಬಾಗಿದನಂತೆ, ಬಾಗಿದಷ್ಟೂ ಚಪ್ಪಾಳೆಯಂತೆ, ಕೊನೆಗೆ ಪೋಲೀಸರು ಬಂದು ದೀಪ ಆರಿಸಿದರಂತೆ.

“ಅದಕ್ಕೂ ನಮ್ಮ ಮೊಸ್ಯೊ ತ್ರುಶೋಗೂ ಏನು ಸಂಬಂಧ?” ಎಂದು ಎದುರುಮನೆಯವಳು ಕೇಳಿದಳು.

“ನಾನು ಯಾರ ಹೆಸರೂ ಹೇಳೋಳಲ್ಲ. ಪೋಲೀಸ್ ಕಮಿಷನರ್ ಸಾಹೇಬರು ಕೇಳಿದ್ರು, ಅವರಿಗೆ ಮಾತ್ರ ಹೇಳ್ದೆ. ಮೊಸ್ಯೊ ತ್ರುಶೋ ಮನೇಲಿ ಇನ್ನೂರು ಜನ ಇದಾರೆ ಅಂತ.”

“ಇನ್ನೂರು? ನಾನು ಒಬ್ಬರನ್ನೂ ನೋಡಿಲ್ಲ.”

“ಅದೇ ಮತ್ತೆ ಭಯ,” ಎಂದಳು ಮದಾಂ ಗೊದಾರ್.

ಗುರುವಾರ ಹನ್ನೊಂದು ಗಂಟೆಗೆ ಕ್ಯಾಪ್ಟನ್ ಬ್ರಿಸ್ಕಾರ್ ಬಾಗಿಲು ತಟ್ಟಿದರು. ಹಳೆಯ ಸಮವಸ್ತ್ರ ಹಾಕಿಕೊಂಡು ಮೇಲೆ ಸಾದಾ ಕೋಟು ತೊಟ್ಟಿದ್ದರು.

“ಹೊತ್ತಾಯ್ತು ತ್ರುಶೋ. ನಿಮ್ಮ ಇನ್ನೂರನ್ನ ಒಂದು ಸಲ ನೋಡ್ತೀನಿ. ಅವರಿಗೊಂದು ಮಾತು ಹೇಳಬೇಕು ಅಂತ ಬರ್ಕೊಂಡು ಬಂದಿದೀನಿ.”

“ಬನ್ನಿ, ಬನ್ನಿ. ಇವತ್ತೇ ಚೆನ್ನಾಗಿ ಒಣಗಿದಾರೆ.”

ಒಳಕೋಣೆಯ ಬಾಗಿಲು ತೆರೆದ. ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗಗಳ ಮೇಲೆ, ಮರದ ಚಿಮಟಗಳಿಗೆ ಕಚ್ಚಿಕೊಂಡು, ಇನ್ನೂರು ಬರ್ಲಿಂಗೊಗಳು ಇನ್ನೂರು ಕೊಡೆಗಳನ್ನು ಎದೆಗಪ್ಪಿಕೊಂಡು ಮಳೆಯಲ್ಲಿ ನೆನೆಯುತ್ತಿದ್ದರು. ಕಿಟಕಿಯ ಗಾಳಿಗೆ ಎಲ್ಲರೂ ಒಟ್ಟಿಗೆ ಅಲುಗಿದರು.

ಕ್ಯಾಪ್ಟನ್ ಮೊದಲ ಸಾಲು ನೋಡಿದರು, ಎರಡನೆಯದು ನೋಡಿದರು, ಬಗ್ಗಿ ಹಗ್ಗದ ಕೆಳಗೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

“ಇವರೇನಾ?”

“ಇವರೇ.”

“ಆ ಮುನ್ನೂರು?”

“ಇವರ ಹಾಗೇ. ಸ್ವಲ್ಪ ಬೇಗ ಒಣಗಿದ್ರು.”

ಕ್ಯಾಪ್ಟನ್ ಅಲ್ಲೇ ಇದ್ದ ಮಣೆಯ ಮೇಲೆ ಕೂತರು. ಬರೆದುಕೊಂಡು ಬಂದಿದ್ದ ಕಾಗದವನ್ನು ಮಡಿಚಿ ಜೇಬಿಗೆ ಹಾಕಿದರು. ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಅನ್ಸೆಲ್ಮ್ ನೀರು ತರಲು ಹೊರಟ, ಅವರು ನಗುತ್ತಿದ್ದರು. ಕೆಮ್ಮು ಬರುವವರೆಗೆ, ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು.

“ತ್ರುಶೋ, ಚಕ್ರವರ್ತಿ ಹೋದಾಗಿನಿಂದ ನಾನು ನಕ್ಕಿರಲಿಲ್ಲ. ಇವರಲ್ಲಿ ಒಬ್ಬನನ್ನ ನನಗೆ ಕೊಡ್ತೀರಾ? ನನ್ನ ಕೋಣೆ ಗೋಡೆ ಖಾಲಿ ಇದೆ.”

ಅನ್ಸೆಲ್ಮ್ ಏನೂ ಅರ್ಥವಾಗದಿದ್ದರೂ ಸಂತೋಷದಿಂದಲೇ ಒಂದು ಬರ್ಲಿಂಗೊನನ್ನು ಹಗ್ಗದಿಂದ ಬಿಡಿಸುತ್ತಿದ್ದ. ಆಗ ಹಿಂದಿನಿಂದ ದನಿ ಬಂತು.

“ಏನ್ರೀ ಇದು?”

ಬ್ರಿಜಿತ್ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಬುಟ್ಟಿಯಲ್ಲಿ ತಂಗಿ ಕೊಟ್ಟ ಮೊಟ್ಟೆಗಳಿದ್ದವು. ಅವಳು ಹಗ್ಗದ ಮೇಲಿದ್ದ ನೇರಳೆ ನೋಡಿದಳು, ಕ್ಯಾಪ್ಟನ್‌ರ ಕೋಟಿನೊಳಗಿಂದ ಇಣುಕುತ್ತಿದ್ದ ಸಮವಸ್ತ್ರ ನೋಡಿದಳು, ಗಂಡನ ನಗುಮುಖ ನೋಡಿದಳು. ಅನ್ಸೆಲ್ಮನಿಗೆ ಐದು ದಿನದಲ್ಲಿ ಹೊಳೆಯದಿದ್ದುದು ಅವಳಿಗೆ ಬುಟ್ಟಿ ಕೆಳಗಿಡುವಷ್ಟರಲ್ಲಿ ಹೊಳೆಯಿತು.

“ಹಳದಿ ಖಾಲಿಯಾಗಿತ್ತು ಕಣೇ,” ಎಂದ ಅನ್ಸೆಲ್ಮ್.

“ಎಷ್ಟು ಹೊರಗೆ ಹೋಯ್ತು?”

“ಮುನ್ನೂರು.”

“ದೇವರೇ,” ಎಂದಳು ಬ್ರಿಜಿತ್, ಮೆಲ್ಲಗೆ. ಅವಳ ಹಿಂದೆ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಇಬ್ಬರು ಪೋಲೀಸರು ಒಳಬಂದು, ಇನ್ನೂರು ಜನ ಎಲ್ಲಿ ಎಂದು ಕೇಳಿ, ತೋರಿಸಿದ ಕಡೆ ನೋಡಿ, ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು, ಹೇಗೂ ಆಜ್ಞೆಯಾಗಿದೆಯೆಂದು ಅಷ್ಟನ್ನೂ ಬಿಡಿಸಿ ಕಂತೆ ಕಟ್ಟಿದರು.

ಕಮಿಷನರ್ ವಾಲ್ಮೊರೇ ಅವರ ಕಚೇರಿಯಲ್ಲಿ ಕೊಕ್ಲೇ ಆಗಲೇ ಬಂದು ಮೂಲೆಯಲ್ಲಿ ನಡುಗುತ್ತಿದ್ದ. ಅಂಗಡಿಯ ಪರವಾನಗಿಯನ್ನು ಎದೆಗೆ ಅವಚಿಕೊಂಡಿದ್ದ. ಪರವಾನಗಿ ಹೋದರೆ ಅಂಗಡಿ ಇಲ್ಲ, ಅಂಗಡಿ ಇಲ್ಲದಿದ್ದರೆ ಬ್ರಿಜಿತ್‌ಳ ಮೇಜಿಗೆ ಕಂತೆ ಇಲ್ಲ. ಅನ್ಸೆಲ್ಮ್ ಜೈಲಿಗೆ ಹೋದರೆ ಏನಿಲ್ಲವಾಗುತ್ತದೆ ಎಂಬುದನ್ನು ಬ್ರಿಜಿತ್ ಯೋಚಿಸಲು ಇಷ್ಟಪಡಲಿಲ್ಲ. ಗಂಡನ ಕೋಟಿನ ಕಾಲರನ್ನು ಸರಿಮಾಡಿ, ಅವನ ಪಕ್ಕದಲ್ಲಿ ನಿಂತಳು.

ಕಮಿಷನರ್ ಸಾಹೇಬರು ಸಣ್ಣ ಮನುಷ್ಯರೇ; ಹುದ್ದೆ ದಪ್ಪಗಿತ್ತು. ಗುಮಾಸ್ತನಿಗೆ ಬರೆದುಕೋ ಎಂದು ಸನ್ನೆ ಮಾಡಿ ಶುರುಮಾಡಿದರು.

“ಬೀದಿಗಿಳಿದ ಆ ಮುನ್ನೂರು ಜನ ಈಗ ಎಲ್ಲಿದಾರಯ್ಯ?”

“ಅರ್ಧಕ್ಕರ್ಧ ಖರ್ಚಾಗಿ ಹೋದ್ರು ಸ್ವಾಮಿ,” ಎಂದ ಅನ್ಸೆಲ್ಮ್. “ಮಿಕ್ಕವರು ಮೊಸ್ಯೊ ಕೊಕ್ಲೇ ಅಂಗಡೀಲಿ ಮಲಗಿದಾರೆ.”

“ಮಲಗಿದಾರೆ? ಎಲ್ಲಿ?”

“ಬೀರುವಿನ ಎರಡನೇ ಖಾನೇಲಿ. ಒಬ್ಬರ ಮೇಲೊಬ್ಬರು.”

ಗುಮಾಸ್ತನ ಲೇಖನಿ ನಿಂತಿತು.

“ಕಾಗದ ಸ್ವಾಮಿ,” ಎಂದಳು ಬ್ರಿಜಿತ್. “ನಮ್ಮವರು ಹೇಳ್ತಿರೋದು ಕಾಗದದ ಮಾತು.”

ಕಮಿಷನರ್ ಗಂಟಲು ಸರಿಮಾಡಿಕೊಂಡು ಮೇಜಿನ ಮೇಲಿದ್ದ ಕಂತೆಯಿಂದ ಒಂದು ಹಾಳೆ ಎಳೆದರು. ಜನರಿಲ್ಲವಾದರೆ ಚಿತ್ರವಾದರೂ ಇತ್ತಲ್ಲ.

“ಕೋಟಿನೊಳಗೆ ಏನೋ ಬಚ್ಚಿಟ್ಟಿದಾನೆ. ಕತ್ತಿ.”

“ಕೊಡೆ, ಸ್ವಾಮಿ.”

“ಮಳೇಲಿ ಕೊಡೆ ಬಿಚ್ಚದೇ ಇರೋನು ಯಾರಯ್ಯ?”

“ಬರ್ಲಿಂಗೊ,” ಎಂದರು ಅನ್ಸೆಲ್ಮ್, ಬ್ರಿಜಿತ್, ಕೊಕ್ಲೇ ಮೂವರೂ. ಗುಮಾಸ್ತನೂ ಅಂದ, ಆಮೇಲೆ ತಲೆ ತಗ್ಗಿಸಿದ.

“ಸರಿ. ಈ ನಾಯಿ ಯಾರು?”

“ನಾಯಿ, ಸ್ವಾಮಿ.”

“ತುಂಬ ದಪ್ಪ ಇದೆ. ಕುತ್ತಿಗೆ ಇಲ್ಲ. ಕೂತರೆ ಏಳೋಕಾಗಲ್ಲ ಅನ್ನೋ ಹಾಗಿದೆ. ಈ ಆಕಾರ ನೋಡಿದ್ರೆ ಯಾರ ನೆನಪಾಗುತ್ತೆ?”

ಬ್ರಿಜಿತ್ ಮುಗ್ಧವಾಗಿ ಮುಖವೆತ್ತಿದಳು. “ತಮಗೆ ಯಾರ ನೆನಪಾಯ್ತು ಸ್ವಾಮಿ? ಬರ್ಕೊಳ್ಳಲಿ.”

ಕಮಿಷನರ್ ರಾಜರ ಭಾವಚಿತ್ರ ತೂಗುಹಾಕಿದ್ದ ಗೋಡೆಯ ಕಡೆ ತಿರುಗಲು ಹೊರಟಿದ್ದ ತಮ್ಮ ಕುತ್ತಿಗೆಯನ್ನು ಅರ್ಧದಲ್ಲಿ ತಡೆದರು. “ನಾಯಿ ವಿಚಾರ ಬೇಡ. ಹೊಡೆದುಹಾಕಪ್ಪ ಅದನ್ನ,” ಎಂದರು ಗುಮಾಸ್ತನಿಗೆ.

“ಬಣ್ಣದ ಮಾತಿಗೆ ಬರೋಣ. ನೇರಳೆ ಬಣ್ಣ ನಿಮ್ಮನೇಲಿ ಯಾಕಿತ್ತು?”

“ಬಿಷಪ್ಪರಿಗೆ ಸ್ವಾಮಿ,” ಎಂದ ಅನ್ಸೆಲ್ಮ್.

“ಹಾಗಾದ್ರೆ ಬಿಷಪ್ಪರ ಬಣ್ಣ ತೆಗೆದು ಈ ಪೆದ್ದನಿಗೆ ಹಾಕಿದೆ.”

“ಅವರಿಗೆ ಧಾರಾಳವಾಗಿ ಹಾಕಿ ಮಿಕ್ಕಿದ್ದು ಸ್ವಾಮಿ. ಯಾವ ಬಿಷಪ್ಪರಿಗೂ ಕಮ್ಮಿ ಮಾಡಿಲ್ಲ.”

ಗುಮಾಸ್ತ ರಾಜದ್ರೋಹದ ಕೆಳಗೆ ಧರ್ಮದ್ರೋಹವನ್ನೂ ಬರೆದುಕೊಂಡ. ಗಂಡ ಬಾಯಿ ತೆರೆದ ಒಂದೊಂದು ಸಲಕ್ಕೂ ಒಂದೊಂದು ವರ್ಷ ಶಿಕ್ಷೆ ಹೆಚ್ಚುತ್ತಿರುವುದನ್ನು ಬ್ರಿಜಿತ್ ಕಂಡಳು. ಒಂದು ಹೆಜ್ಜೆ ಮುಂದೆ ಬಂದಳು.

“ಸ್ವಾಮಿ, ತಪ್ಪಾಯ್ತು. ನಾವು ಓದಿಲ್ಲದ ಜನ. ಯಾವ ಬಣ್ಣ ಹಾಕಬೇಕು ಅಂತ ತಾವೇ ಅಪ್ಪಣೆ ಕೊಡಿ. ಬರೆದು ಸಹಿ ಹಾಕಿಕೊಟ್ರೆ ಇನ್ನು ಮುಂದೆ ಅದೇ.”

“ಅದರಲ್ಲೇನಿದೆ. ಯಾವುದಾದ್ರೂ ಹಾಕಿ.”

“ಬಿಳಿ?”

“ಬಿಳಿ ರಾಜರ ಬಾವುಟದ ಬಣ್ಣ ಕಣಮ್ಮ. ಪೆದ್ದನಿಗೆ ಹಾಕ್ತೀಯಾ?”

“ಹಸಿರು?”

“ರಾಜರ ತಮ್ಮನವರ ಆಳುಗಳದ್ದು.”

“ನೀಲಿ.”

“ಕ್ರಾಂತಿ ಸಿಪಾಯಿಗಳದ್ದು. ಅದೆಲ್ಲ ಮತ್ತೆ ನೆನಪು ಮಾಡೋದು ಬೇಡ.”

“ಕೆಂಪು ಹೇಗೂ ಬೇಡ.”

“ಹೇಗೂ ಬೇಡ,” ಎಂದರು ಕಮಿಷನರ್ ಅವಸರವಾಗಿ.

“ಬೂದು?”

ಕಮಿಷನರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಬೂದು ಕೋಟು ಯಾರು ಹಾಕ್ತಿದ್ರು ಅಂತ ನಿನಗೆ ಗೊತ್ತಿಲ್ವಾ? ಆ ದ್ವೀಪದಲ್ಲಿದಾನಲ್ಲ, ಅವನು.”

“ಕಪ್ಪು ಪಾದ್ರಿಗಳದ್ದು,” ಎಂದು ತಾನೇ ಅಂದುಕೊಂಡಳು ಬ್ರಿಜಿತ್. “ಹಾಗಾದ್ರೆ ಕಂದು ಹಾಕ್ತೀವಿ. ಕಂದು ಯಾರದ್ದೂ ಅಲ್ಲ.”

ಕಮಿಷನರ್ ತಲೆ ತಗ್ಗಿಸಿ ತಮ್ಮ ಕೋಟು ನೋಡಿಕೊಂಡರು. ಕಂದು ಬಣ್ಣದ ಒಳ್ಳೆಯ ಉಣ್ಣೆಯ ಕೋಟು, ಹೋದ ತಿಂಗಳಷ್ಟೇ ಹೊಲಿಸಿದ್ದು. ಗುಮಾಸ್ತನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

“ಹಳದಿ,” ಎಂದರು ಕಮಿಷನರ್. “ಮೊದಲು ಹಳದಿ ತಾನೇ ಇದ್ದದ್ದು. ಹಳದಿ ಹಾಕಿ. ಆದ್ರೆ ಹೊರಗೆ ಹೋಗಿರೋದನ್ನ ಒಂದೂ ಬಿಡದೆ ಹಿಡಿದು ಸುಡಬೇಕು. ಯಾರ ಮನೇಲಿ ಸಿಕ್ಕುತ್ತೋ ಅವರ ಮೇಲೂ ಕೇಸು. ಕೊಕ್ಲೇ, ಯಾರು ಯಾರು ಕೊಂಡ್ರು ಹೇಳಿ.”

“ಎಲ್ಲರ ಗುರುತಿಲ್ಲ ಸ್ವಾಮಿ,” ಕೊಕ್ಲೇ ಪರವಾನಗಿಯ ಹಿಂದಿನಿಂದ ಮಾತಾಡಿದ. “ದೊಡ್ಡ ಮನೆತನದವರು ಬಂದ್ರೆ ಮರೆಯಲ್ಲ. ಸೋಮವಾರ ಬೆಳಿಗ್ಗೆ ಮೊಟ್ಟಮೊದಲು ತಗೊಂಡಿದ್ದು ತಮ್ಮ ಮನೆಯವರು.”

“ನನ್ನ ಮನೆಯವರು ಅಂದ್ರೆ?”

“ಮದಾಂ ವಾಲ್ಮೊರೇ. ಊಟದ ಕೋಣೆಗೆ ಅಂದ್ರು. ಎದುರು ಗೋಡೆಗೆ ಸರಿಯಾಗುತ್ತೆ, ಸಾಹೇಬರು ಊಟ ಮಾಡ್ತಾ ನೋಡಬಹುದು ಅಂದ್ರು.”

ಕಮಿಷನರ್ ಸಾಹೇಬರು ನಾಲ್ಕು ದಿನದಿಂದ ದಿನಕ್ಕೆರಡು ಸಲ, ತಲೆಯೆತ್ತದೆ, ಆ ಗೋಡೆಯೆದುರು ಸೂಪು ಕುಡಿಯುತ್ತಿದ್ದರು. ಅವರ ಮುಖ ಹಾಳೆಯ ಮೇಲಿನ ಕೋಟಿನ ಬಣ್ಣಕ್ಕೆ ಸಮೀಪ ಬಂತು.

ಆಗ ಬಾಯಿ ತೆರೆದವನು ಅನ್ಸೆಲ್ಮ್. ಅವನಿಗೆ ಯಾರನ್ನೂ ಪಾರುಮಾಡುವ ಉದ್ದೇಶವಿರಲಿಲ್ಲ. ತನ್ನ ಕೆಲಸದ ಬಗ್ಗೆ ಇಷ್ಟು ಹೊತ್ತು ಮಾತಾಡಿಯೂ ಯಾರೊಬ್ಬರೂ ಅದರ ಸೂಕ್ಷ್ಮವನ್ನು ಗಮನಿಸಲಿಲ್ಲವಲ್ಲ ಎಂಬ ಬೇಸರವಿತ್ತು, ಅಷ್ಟೆ.

“ಸ್ವಾಮಿ, ಒಂದು ಮಾತು. ಇದು ಹಳದಿ ಕೋಟೇ. ಮಳೆ ನೋಡಿ ಎಷ್ಟು ಜೋರಾಗಿದೆ. ನೆಂದ ಬಟ್ಟೆ ಒಣಗಿದ್ದರ ಬಣ್ಣ ಇರುತ್ತಾ? ಗಾಢವಾಗುತ್ತೆ. ಅದನ್ನ ಯೋಚನೆ ಮಾಡಿಯೇ ಹಾಕಿದ್ದು.”

ಬ್ರಿಜಿತ್ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಕಮಿಷನರ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ದೂರ ಹಿಡಿದು ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು.

“ಬಹಳ ನೆಂದಿದೆ,” ಎಂದರು.

“ತೊಪ್ಪೆ, ಸ್ವಾಮಿ,” ಎಂದಳು ಬ್ರಿಜಿತ್ ಥಟ್ಟನೆ.

“ಬರ್ಕೋ. ಸದರಿ ಚಿತ್ರವನ್ನು ಪರಿಶೀಲಿಸಲಾಗಿ, ಕೋಟಿನ ಬಣ್ಣ ಹಳದಿಯೇ ಇದ್ದು, ಮಳೆಯಲ್ಲಿ ನೆಂದದ್ದರಿಂದ ತಾತ್ಕಾಲಿಕವಾಗಿ ಬದಲಾದಂತೆ ಕಾಣುತ್ತದೆ. ಆಕ್ಷೇಪಣೀಯ ಅಂಶಗಳಿಲ್ಲ.”

ಗುಮಾಸ್ತ ಬರೆದ. ಸಾಹೇಬರು ಸಹಿ ಹಾಕಿ ಮುದ್ರೆ ಒತ್ತಿದರು. ಹೀಗೆ ಆ ವಠಾರದ ಮಟ್ಟಿಗೆ ನೇರಳೆ ಬಣ್ಣ ಸರಕಾರಿಯಾಗಿ ಹಳದಿಯಾಯಿತು. ನಟ ಸಾಂತೆಲ್‌ನಿಗೂ ಅದೇ ಆದೇಶದ ನಕಲು ಹೋಯಿತು: ಅವನು ಹಳದಿ ಕೋಟನ್ನೇ ಧರಿಸತಕ್ಕದ್ದು, ಮಳೆಯ ದೃಶ್ಯಗಳಲ್ಲಿ ಮಾತ್ರ ವಿನಾಯಿತಿ. ನಾಟಕದವರು ಮರುವಾರದಿಂದಲೇ ಮೂರು ಅಂಕಗಳಲ್ಲೂ ಮಳೆ ಸೇರಿಸಿದರು.

ದಂಪತಿಗಳು ವಾಪಸು ಸಿಕ್ಕ ಕಂತೆಯನ್ನು ಒಂದೊಂದು ಬದಿ ಹಿಡಿದು ಮನೆಗೆ ನಡೆದರು. ಮೂರು ಬೀದಿ ದಾಟಿದ ಮೇಲೆ ಅನ್ಸೆಲ್ಮನಿಗೆ ತಡೆಯಲಾಗಲಿಲ್ಲ.

“ಬೈದುಬಿಡು. ಬಯ್ಯದಿದ್ರೆ ಭಯ ಆಗುತ್ತೆ.”

“ಬೀದೀಲಿ ಬಯ್ಯೋಕೆ ನನಗೇನು ಮರ್ಯಾದೆ ಇಲ್ವಾ? ಮನೆಗೆ ನಡೀರಿ.”

ಮನೆಯಲ್ಲೂ ಬಯ್ಯಲಿಲ್ಲ. ಕಂತೆ ಬಿಚ್ಚಿ, ಕಿಟಕಿಯ ಹತ್ತಿರ ಕೂತು, ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡತೊಡಗಿದಳು. ಅನ್ಸೆಲ್ಮ್ ಟೋಪಿ ಕೈಯಲ್ಲಿ ಹಿಡಿದು ನಿಂತ. ಕ್ಯಾಪ್ಟನ್‌ರ ಪಾಲಿಗೆ ಒಂದನ್ನು ಪಕ್ಕಕ್ಕಿಟ್ಟು, ಕೊನೆಯ ಹಾಳೆಯವರೆಗೂ ನೋಡಿ ಮುಗಿಸಿದಳು.

“ರಟ್ಟಿನಡಿ ಒಂದರಲ್ಲೂ ಬಣ್ಣ ಹರಿದಿಲ್ಲ,” ಎಂದಳು.

“ಹರೀಬೇಕಿತ್ತಾ?”

“ಕುಂಚದಲ್ಲಿ ಒಂದು ಹನಿ ನೀರು ಜಾಸ್ತಿ ಆದ್ರೂ ಅಂಚು ದಾಟಿ ಹರಿಯುತ್ತೆ ರೀ. ನನ್ನ ಕೈಯಲ್ಲೇ ನೂರಕ್ಕೆ ಆರೇಳು ಕೆಡುತ್ತೆ. ನೀವು ಒಂದೂ ಕೆಡಿಸಿಲ್ಲ.” ಹಾಳೆಗಳನ್ನು ಮೇಜಿಗೆ ಕುಟ್ಟಿ ಸರಿಮಾಡಿದಳು. “ಬಣ್ಣ ಒಂದು ಬಿಟ್ಟು.”

ಮರುದಿನ ಬೆಳಿಗ್ಗೆ ಅನ್ಸೆಲ್ಮ್ ಎದ್ದು ಬಂದಾಗ ಮೇಜಿನ ಪಕ್ಕದಲ್ಲಿ ಎರಡನೆಯ ಕುರ್ಚಿ ಇತ್ತು. ಅದರ ಮುಂದೆ ಒಂದು ಕುಂಚ, ಒಂದೇ ಒಂದು ಬಟ್ಟಲು.

“ಆಕಾಶ ಮಾತ್ರ,” ಎಂದಳು ಬ್ರಿಜಿತ್, ತಲೆಯೆತ್ತದೆ. “ಭೂಮಿ ಮೇಲೆ ಏನೂ ಮುಟ್ಟಬೇಡಿ.”

ಆ ವರ್ಷದ ಬೇಸಿಗೆಯಲ್ಲಿ ಕೊಕ್ಲೇ ಅಂಗಡಿಯಿಂದ ಹೊರಬಿದ್ದ ಚಿತ್ರಗಳಲ್ಲೆಲ್ಲ ಆಕಾಶ ಬಹಳ ಶುಭ್ರವಾಗಿರುತ್ತಿತ್ತೆಂದು ಪಟ ಕೊಳ್ಳುವವರು ಮೆಚ್ಚಿಕೊಂಡರು. ಕೆಳಗೆ ಕದನ ನಡೆಯುತ್ತಿದ್ದರೂ, ಹಡಗು ಮುಳುಗುತ್ತಿದ್ದರೂ, ಊರು ಹೊತ್ತಿ ಉರಿಯುತ್ತಿದ್ದರೂ ಮೇಲೆ ತಿಳಿನೀಲಿ, ಅಂಚಿನಿಂದ ಅಂಚಿಗೆ, ಒಂದು ಮೋಡವಿಲ್ಲ. ಮೋಡ ಹಾಕಲು ಬ್ರಿಜಿತ್ ಇನ್ನೂ ಅನುಮತಿ ಕೊಟ್ಟಿರಲಿಲ್ಲ.